ಎರಡೂ ಬರೀರಿ ಎಂದಾಕೆ

ಕಳೆದ ವಾರ ಕುಕನೂರಿನಿಂದ ಫೋನು ಬಂತು. ಮಾತಾಡಿದವನು ನನ್ನ ಪಕ್ಕದ ಮನೆಯಲ್ಲಿದ್ದ ಆಕೆಯ ತಮ್ಮನ ಮಗ.

"ಸರ್, ಅತ್ತಿ ಹೋಗಿ ವರ್ಷ ಆಗಾಕ ಬಂತ್ರಿ. ಪುಣ್ಯಸ್ಮರಣಿ ಮಾಡಾಕತ್ತೀವಿ. ಅಂಗಡಿ ಮುಂದ ರಕ್ತದಾನ ಶಿಬಿರ ಇಟ್ಟೀವಿ. ಫ್ಲೆಕ್ಸಿಗೆ ನೀವು ಅತ್ತಿ ಬಗ್ಗೆ ನಾಲ್ಕು ಸಾಲು ಬರದು ಕೊಡಬೇಕ್ರಿ."

ಹೂಂ ಎನ್ನುವ ಮೊದಲೇ ಫ್ಲೆಕ್ಸಿನ ಚಿತ್ರ ಮೊಬೈಲಿಗೆ ಬಂದುಬಿಟ್ಟಿತ್ತು. ಇಪ್ಪತ್ತು ವರ್ಷ ರೊಟ್ಟಿ ಹಂಚಿನ ಮುಂದೆ ಕೂತು ಕಂದಿದ ಆಕೆಯ ಮುಖವನ್ನು ಡಿಸೈನ್ ಮಾಡಿದವನು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ಮಾಡಿದ್ದ. ಹಿಂದೆ ನೀಲಿ ಮುಗಿಲು, ಪಕ್ಕದಲ್ಲಿ ಒಂದು ದೀಪ. ಕೆಳಗೆ ಕೈಮುಗಿದು ನಿಂತವರ ಸಾಲಿನಲ್ಲಿ ಯಲಬುರ್ಗಾದ ಹಿರಿಯನೊಬ್ಬನ ಫೋಟೋ ಆಕೆಯ ಫೋಟೋಗಿಂತ ದೊಡ್ಡದಿತ್ತು. ಕೆಂಪು ಅಕ್ಷರದಲ್ಲಿ 'ತ್ಯಾಗಮಯಿ' ಎಂದು ಬರೆದು, ಅದರ ಕೆಳಗೆ, 'ಸ್ವಇಚ್ಛೆಯಿಂದ ಎರಡು ಬಾರಿ ತಮ್ಮನಿಗೆ ಜೀವದಾನ ಮಾಡಿದ ಮಹಾತಾಯಿ' ಎಂದು ಹಾಕಿದ್ದರು. ಅದರಡಿ ನನ್ನ ನಾಲ್ಕು ಸಾಲಿಗೆಂದು ಖಾಲಿ ಜಾಗ.

ಸ್ವಇಚ್ಛೆಯಿಂದ. ಆ ಶಬ್ದ ಆ ಮನೆಗೆ ಎಲ್ಲಿಂದ ಹೋಯಿತೆಂದು ನನಗೆ ಗೊತ್ತು. ಈ ಬರಹ ಅದರ ಸಲುವಾಗಿ.

ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದವನು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಎಂದು ಕಾಲೇಜಿನಿಂದ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಅಲೆದು ಗಂಗಾವತಿಗೆ ಬಂದೆ. ಎರಡು ವರ್ಷಕ್ಕಿಂತ ಹೆಚ್ಚು ಒಂದೂರಲ್ಲಿ ನಿಲ್ಲದ ನಾನು ಇಲ್ಲಿ ಎಂಟು ವರ್ಷ ನಿಂತೆ. ಪಕ್ಕದ ಮನೆಯ ರೊಟ್ಟಿಯೇ ಅದಕ್ಕೆ ಕಾರಣ ಎಂದು ಗೆಳೆಯರು ಆಡಿಕೊಳ್ಳುತ್ತಾರೆ. ಇರಬಹುದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಹಾಗಾಗಿ ಇಲ್ಲಿ ಎಲ್ಲಿ ಸಂಶಯವಿದೆಯೋ ಅಲ್ಲಿ ಸಂಶಯವಿದೆ ಎಂದೇ ಬರೆಯುತ್ತೇನೆ.

ಆಕೆ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಗಂಡ ಅಕ್ಕಿ ಮಿಲ್ಲಿನ ಲಾರಿ ಓಡಿಸುತ್ತಿದ್ದ, ತಿಂಗಳಲ್ಲಿ ಹೆಚ್ಚು ದಿನ ಕೇರಳದ ದಾರಿಯಲ್ಲೇ ಇರುತ್ತಿದ್ದ. ಒಬ್ಬಳೇ ಮಗಳು. ಸುತ್ತಲೂ ಭತ್ತದ ಸೀಮೆ, ಮಿಲ್ಲಿನ ತೌಡಿನ ವಾಸನೆ. ಅದರ ನಡುವೆ ಆಕೆಯ ಮನೆಯೊಂದರಿಂದ ಜೋಳದ ಹಿಟ್ಟು ಸುಟ್ಟ ವಾಸನೆ ಬರುತ್ತಿತ್ತು. ತವರು ಕುಕನೂರಿನ ಕಡೆಯದು. "ಈ ನೀರಾವರಿ ಮಂದಿಗೆ ಅನ್ನ ಉಂಡು ಉಂಡು ಹಲ್ಲ ಮೆತ್ತಗಾಗ್ಯಾವು, ನಾ ಅವಕ್ಕ ಸಾಲಿ ಕಲಸಾಕತ್ತೀನಿ" ಎನ್ನುತ್ತಿದ್ದಳು.

ಒಣಗಿದ ರೊಟ್ಟಿಯನ್ನು ಕಟ್ಟುವ ಮುಂಚೆ ಉಗುರಿನಿಂದ ಒಂದೊಂದನ್ನೂ ಟಕ್ ಎಂದು ಬಡಿದು ಕೇಳುತ್ತಿದ್ದಳು. ಕಣ್ಣಿಗೆ ಕಾಣದ ಬಿರುಕು ಆಕೆಯ ಕಿವಿಗೆ ಕೇಳುತ್ತಿತ್ತು. ಬಿರುಕಿನ ರೊಟ್ಟಿ ಗಿರಾಕಿಗೆ ಹೋಗುತ್ತಿರಲಿಲ್ಲ, ನನ್ನ ಮನೆಗೆ ಬರುತ್ತಿತ್ತು. ಮೊದಲ ಸಲ ತಂದಾಗ ನಾನು ಸಂಕೋಚಪಟ್ಟೆ.

"ಯಾಕ್ರಿ ಸರ್ರ, ಒಡದೈತಿ ಅಂತನಾ? ರುಚಿನೂ ಒಡದಿರತೈತೇನು? ತಿನ್ರಿ. ಹ್ಯಾಂಗೂ ನೀವು ಮುರದ ತಿನ್ನವ್ರು."

ಅಂದಿನಿಂದ ಒಡೆದ ರೊಟ್ಟಿಗೆ ನಾನು ಹಕ್ಕುದಾರ. ಮಗಳ ಕೈಯಲ್ಲಿ ಪೇಪರಿನಲ್ಲಿ ಸುತ್ತದೆ, ಹಾಗೇ ತಾಟಿನಲ್ಲಿ ಬರುತ್ತಿತ್ತು. ಪ್ರತಿಯಾಗಿ ನಾನು ಆಕೆಯ ಕಾಗದ ಪತ್ರ ಓದಿಕೊಡಬೇಕು. ಕನ್ನಡವನ್ನು ಆಕೆ ಚೆನ್ನಾಗಿಯೇ ಓದುತ್ತಿದ್ದಳು. ಇಂಗ್ಲಿಷಿನ ಕಾಗದಗಳಷ್ಟೇ ನನ್ನ ಪಾಲಿಗೆ.

ಆಕೆಯ ಬೆರಳುಗಳಿಗೆ ಗೆರೆಗಳಿರಲಿಲ್ಲ. ಹಂಚಿನ ಕಾವಿಗೆ ಸವೆದುಹೋಗಿದ್ದವು. ರೇಷನ್ ಅಂಗಡಿಯ ಯಂತ್ರ ಆಕೆಯ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. "ಮಶೀನಿಗೆ ನಾನು ಇಲ್ಲಂತ್ರಿ" ಎಂದು ನಗುತ್ತ ಬಂದು, ನನ್ನಿಂದ ಅರ್ಜಿ ಬರೆಸಿದಳು. ಆ ಅರ್ಜಿಯಲ್ಲೂ ತಕರಾರು. ನಾನು 'ಬೆರಳಚ್ಚು ಮೂಡದ ಕಾರಣ' ಎಂದು ಬರೆದಿದ್ದೆ. "ಯಾಕ ಮೂಡುದಿಲ್ಲ ಅನ್ನೂದೂ ಬರೀರಿ. ರೊಟ್ಟಿ ಸುಟ್ಟು ಹೋಗ್ಯಾವು ಅಂತ. ಇಲ್ಲಂದ್ರ ನಾ ಏನೋ ಕಳ್ಳತನ ಮಾಡಿ ತಿಕ್ಕಿಕೊಂಡೀನಿ ಅಂತ ತಿಳೀತಾರ" ಎಂದಳು. ಬರೆದೆ.

ಇದು ಆಕೆಯ ಸ್ವಭಾವದ ಮುಖ್ಯ ಭಾಗ. ಒಂದು ಮಾತನ್ನು ಅರ್ಧ ಬರೆಯುವುದನ್ನು ಆಕೆ ಸಹಿಸುತ್ತಿರಲಿಲ್ಲ. ನಮ್ಮ ಓಣಿಯ ಮಹಿಳಾ ಸಂಘದವರು ಒಮ್ಮೆ ಹನುಮನಹಳ್ಳಿಗೆ ಹೋಗಿ ಅಂಜನಾದ್ರಿ ಹತ್ತುವುದೆಂದು ಠರಾವು ಮಾಡಿದರು. ಬಿಸಿಲು ಜೋರಿದ್ದ ತಿಂಗಳು. ಆಕೆ ಬೇಡವೆಂದಳು. ಉಳಿದವರು ಕೇಳಲಿಲ್ಲ. ಕಾರ್ಯದರ್ಶಿಯಾಗಿದ್ದ ಹೆಂಗಸು ಸಂಘದ ಪುಸ್ತಕದಲ್ಲಿ 'ಸರ್ವಾನುಮತದಿಂದ' ಎಂದು ಬರೆಯುತ್ತಿದ್ದಾಗ ಈಕೆ ಪೆನ್ನು ಹಿಡಿದುಕೊಂಡಳಂತೆ.

"ನಾ ಒಪ್ಪಿಲ್ಲ. ಹಂಗಂತ ಬರಿ."

"ಹಂಗಾರ ನೀ ಬರೂದಿಲ್ಲೇನಕ್ಕ?"

"ಬರ್ತೀನಿ. ಯಾರ ಬರೂದಿಲ್ಲ ಅಂದಾರ? ಒಪ್ಪಿಲ್ಲ, ಆದ್ರೂ ಬರ್ತಾಳ ಅಂತ ಬರಿ. ಎರಡೂ ಬರಿ."

ಬರೆಸಿಯೇ ಬಿಟ್ಟಳು. ಬೆಟ್ಟವನ್ನು ಎಲ್ಲರಿಗಿಂತ ಮೊದಲು ಹತ್ತಿದವಳೂ ಆಕೆಯೇ. ಮೇಲೆ ನಿಂತು, ಏದುಸಿರು ಬಿಡುತ್ತ ಬರುತ್ತಿದ್ದ ಕಾರ್ಯದರ್ಶಿಗೆ, "ಸರ್ವಾನುಮತಾ, ಬಾರವ್ವಾ ಲಗೂನ" ಎಂದು ಕೂಗಿದಳಂತೆ. ಆ ಹೆಂಗಸಿಗೆ ಓಣಿಯಲ್ಲಿ ಇಂದಿಗೂ ಅದೇ ಹೆಸರು.

ಕುಕನೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಆಕೆಯ ತಮ್ಮನಿಗೆ ರಕ್ತದ ಕ್ಯಾನ್ಸರ್ ಬಂತು. ಮದ್ದು ಕೊಟ್ಟು ರೋಗವನ್ನು ಒಂದು ಹಂತಕ್ಕೆ ತಂದ ಮೇಲೆ, ಬೇರೆಯವರ ಕಾಂಡಕೋಶ ಹಾಕದಿದ್ದರೆ ಅದು ಮರಳಿ ಬರುತ್ತದೆ ಎಂದು ವೈದ್ಯರು ಹೇಳಿದರು. ಮೂಳೆಯೊಳಗೆ ರಕ್ತ ಹುಟ್ಟಿಸುವ ಕೋಶಗಳವು. ಒಡಹುಟ್ಟಿದವರನ್ನು ಪರೀಕ್ಷೆ ಮಾಡಿದಾಗ ಪೂರ್ತಿ ಹೊಂದಿಕೆಯಾದದ್ದು ಈಕೆಯೊಬ್ಬಳದೇ. ಆಸ್ಪತ್ರೆ ತಮಿಳುನಾಡಿನಲ್ಲಿತ್ತು. ಅಲ್ಲಿ ಇಂಗ್ಲಿಷು ಬೇಕಾಗುತ್ತದೆಂದು ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ನಾಲ್ಕೈದು ದಿನ ಸೂಜಿಮದ್ದು ಕೊಟ್ಟರು. ಆಕೆಗೆ ಸೊಂಟ, ಎದೆಮೂಳೆ ಎಲ್ಲ ನೋವು. ಆಮೇಲೆ ಯಂತ್ರಕ್ಕೆ ಕೂರಿಸಿ ಕೋಶಗಳನ್ನು ತೆಗೆದರು. ತಮ್ಮ ಬದುಕಿದ.

ಕೆಲವು ತಿಂಗಳ ಮೇಲೆ ಕುಕನೂರಿನ ಅವರ ಅಂಗಳದಲ್ಲಿ ಊಟ ಹಾಕಿಸಿದರು. ತವರಿಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಅಂದು ಐದು ಜನ ಸೇರಿ ಅಕ್ಕಿ, ಕೊಬ್ಬರಿ, ಅರಿಶಿನಕೊಂಬು, ಖಣ ಹಾಕಿ ಆಕೆಯ ಸೆರಗು ಜಗ್ಗುವಷ್ಟು ತುಂಬಿದರು. ಆಮೇಲೆ ನನಗೆ ಮಾತಾಡಲು ಹೇಳಿದರು.

ಆ ಭಾಷಣ ನನಗೆ ಪೂರ್ತಿ ನೆನಪಿಲ್ಲ. ಒಂದು ವಾಕ್ಯ ಮಾತ್ರ ಎಲ್ಲರಿಗೂ ನೆನಪಿದೆ, ಹಾಗಾಗಿ ನಾನು ಅದನ್ನು ಹೇಳಿರಲೇಬೇಕು. "ಇನ್ನು ಇವರ ಮೈಯಲ್ಲಿ ಹರಿಯುವುದು ಅಕ್ಕನ ರಕ್ತ. ರಕ್ತದ ಗುಂಪು ಕೂಡ ಬಿ ಇದ್ದದ್ದು ಒ ಆಗಿದೆ. ಇಬ್ಬರ ರಕ್ತ ಈಗ ಒಂದೇ." ಜನ ಚಪ್ಪಾಳೆ ತಟ್ಟಿದರು. ನಾನು ಹಿಗ್ಗಿದೆ. ವಿಜ್ಞಾನವನ್ನು ಜನರ ಭಾಷೆಯಲ್ಲಿ ಹೇಳುವುದು ಎಂದರೆ ಹೀಗೆ ಎಂದುಕೊಂಡೆ.

ಆಕೆಯ ಮಗಳನ್ನು ಈ ತಮ್ಮನ ಮಗನಿಗೇ ಕೊಡುವುದೆಂದು ಇಬ್ಬರೂ ಚಿಕ್ಕವರಿದ್ದಾಗಲೇ ಮಾತಾಗಿತ್ತು. ಸೋದರ ಸಂಬಂಧ, ನಮ್ಮಲ್ಲಿ ಸಾಮಾನ್ಯ. ಹುಡುಗ ಹುಡುಗಿ ಇಬ್ಬರಿಗೂ ಮನಸ್ಸಿತ್ತು. ಅಷ್ಟರಲ್ಲಿ ಕುಷ್ಟಗಿಯ ಗ್ರಾನೈಟ್ ಕ್ವಾರಿಯವರ ಮನೆಯಿಂದ ಹುಡುಗನಿಗೆ ಸಂಬಂಧ ಬಂತು. ತಂದವನು ತಮ್ಮನ ಹೆಂಡತಿಯ ಅಣ್ಣ. ಫ್ಲೆಕ್ಸಿನಲ್ಲಿ ದೊಡ್ಡದಾಗಿ ನಿಂತ ಯಲಬುರ್ಗಾದ ಹಿರಿಯ ಅಂದೆನಲ್ಲ, ಅವನೇ. ಕೊಟ್ಟ ಮಾತು ಮುರಿಯಲು ಕಾರಣ ಬೇಕಿತ್ತು. ಕಾರಣವನ್ನು ನಾನು ಮೈಕಿನಲ್ಲಿ ಹೇಳಿಕೊಟ್ಟಿದ್ದೆ.

ನಾಲ್ಕು ಮಂದಿಯನ್ನು ಕೂರಿಸಿಕೊಂಡು ಅವನು ಹೇಳಿದನಂತೆ: "ತಮ್ಮನ ಮೈಯಾಗ ಈಗ ಅಕ್ಕನ ರಕ್ತ ಐತಿ. ಕಾಲೇಜಿನ ಸರ್ ನಿಮ್ಮ ಮುಂದನ ಹೇಳ್ಯಾರ. ರಕ್ತ ಒಂದಾದಮ್ಯಾಲ ಹುಡುಗ ಹುಡುಗಿ ಅಣ್ಣ ತಂಗಿ ಆದಂಗಾತು. ಅಣ್ಣ ತಂಗಿಗೆ ಲಗ್ನ ಮಾಡಾಕ ಬರತೈತೇನ್ರಿ?"

ಯಾರೂ ಎದುರಾಡಲಿಲ್ಲ. ಮಗ ಹುಟ್ಟಿ ಇಪ್ಪತ್ತೈದು ವರ್ಷದ ಮೇಲೆ ಅಪ್ಪನ ರಕ್ತ ಬದಲಾದರೆ ಮಗನಿಗೇನು ಸಂಬಂಧ ಎಂದು ಕೇಳುವ ತಲೆ ಅಲ್ಲಿ ಒಂದಾದರೂ ಇರಲಿಲ್ಲವೇ? ಇತ್ತು. ತಲೆಗಳೆಲ್ಲ ಇದ್ದವು. ಕ್ವಾರಿಯ ಮನೆ ಎಲ್ಲರಿಗೂ ಬೇಕಾಗಿತ್ತು. ತಲೆಮಾರುಗಟ್ಟಲೆ ಅಕ್ಕನ ಮಕ್ಕಳನ್ನೇ ಮದುವೆಯಾದ ಮನೆತನಕ್ಕೆ ಒಮ್ಮಿಂದೊಮ್ಮೆಲೆ ರಕ್ತದ ಶುದ್ಧಿ ನೆನಪಾಗಿತ್ತು.

ಸುದ್ದಿ ತಂದವರಿಗೆ ಆಕೆ ಚಹಾ ಕೊಟ್ಟು ಕಳಿಸಿದಳು. ಆಮೇಲೆ ನನ್ನ ಬಾಗಿಲಿಗೆ ಬಂದು ನಿಂತಳು.

"ಸರ್ರ, ಖರೇನ ಹೇಳ್ರಿ. ನನ್ನ ತಮ್ಮನ ಮಗ ಈಗ ನನಗ ಮಗ ಆದ್ನೇನು?"

"ಇಲ್ಲಕ್ಕ. ಅದೆಲ್ಲ ಸುಳ್ಳು. ರಕ್ತ ಹುಟ್ಟಿಸೋ ಕೋಶ ಅಷ್ಟೇ ನಿಮ್ಮದು. ಮಗನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

"ಹಂಗಂತ ಕುಕನೂರಿಗೆ ಹೋಗಿ ಹೇಳ್ತೀರೇನು? ಅದ ಅಂಗಳದಾಗ?"

"ಹೇಳ್ತೀನಿ" ಎಂದೆ.

ಹೋದೆನೇ? ಇಲ್ಲಿ ನನ್ನ ನೆನಪು ಆಟವಾಡುತ್ತದೆ. ಬಸ್ಸಿನಿಂದ ಇಳಿದು ಅವರ ಅಂಗಡಿಯ ತನಕ ನಡೆದದ್ದು, ಹಿರಿಯನ ಮುಂದೆ ನಿಂತು ಖಡಕ್ಕಾಗಿ ಮಾತಾಡಿದ್ದು ನನಗೆ ಚಿತ್ರದ ಹಾಗೆ ನೆನಪಿದೆ. ಆದರೆ ಅಂದು ಯಾವ ಬಣ್ಣದ ಅಂಗಿ ಹಾಕಿದ್ದೆ, ಅವನು ಏನು ಉತ್ತರಿಸಿದ ಎಂಬುದು ನೆನಪಿಲ್ಲ. ಮಗಳು ಮಾತ್ರ ಸ್ಪಷ್ಟವಾಗಿ ಹೇಳುತ್ತಾಳೆ: "ನೀವು ಹೋಗಲಿಲ್ಲ ಸರ್." ಆಕೆ ಹೇಳುವುದೇ ಸರಿ ಇರಬೇಕು. ಹೋಗದಿರಲು ನನಗೆ ಒಳಗೊಳಗೇ ಒಂದು ಕಾರಣವೂ ಇತ್ತು. ರಕ್ತಸಂಬಂಧದ ಮದುವೆಗಳ ವಿರುದ್ಧ ಪ್ರತಿ ವರ್ಷ ತರಗತಿಯಲ್ಲಿ ಪಾಠ ಮಾಡುವವನು ನಾನು. ಈ ಮದುವೆ ತಪ್ಪಿದರೆ ಒಳ್ಳೆಯದೇ ಎಂದು ನನ್ನ ಓದು ಪಿಸುಗುಟ್ಟಿತು. ಸುಳ್ಳು ಕಾರಣದಿಂದಲೇ ಆಗಲಿ, ತಪ್ಪಿತಲ್ಲ ಎಂದು ಸುಮ್ಮನಾದೆ. ಆ ಹುಡುಗಿ ಆ ವಾರವೆಲ್ಲ ಕಣ್ಣು ಊದಿಸಿಕೊಂಡು ರೊಟ್ಟಿ ಕಟ್ಟುತ್ತಿದ್ದುದನ್ನು ಕಿಟಕಿಯಿಂದ ನೋಡುತ್ತಲೇ ಸುಮ್ಮನಾದೆ.

ಕುಷ್ಟಗಿಯ ಹುಡುಗಿಯೊಂದಿಗೆ ಮದುವೆ ಆಯಿತು. ಸೋದರತ್ತೆ ಮಾಡಬೇಕಾದ ಶಾಸ್ತ್ರಗಳನ್ನೆಲ್ಲ ಆಕೆ ಮಾಡಿ ಬಂದಳು. "ಹೋಗಬಾರದಿತ್ತು" ಎಂದು ನಾನು ರೇಗಿದೆ. "ಮದವಿ ಮಾಡಕೊಂಡ ಹುಡುಗಿ ಏನ ಮಾಡ್ಯಾಳ್ರಿ? ಆಕಿಗೆ ಆರತಿ ಬ್ಯಾಡೇನು?" ಎಂದಳು.

ಆರು ತಿಂಗಳು ಕಳೆದಿರಬೇಕು, ತಮ್ಮನಿಗೆ ರೋಗ ಮರಳಿ ಬಂತು.

ಈ ಸಲ ವೈದ್ಯರು ಹೇಳಿದ ದಾರಿ ಬೇರೆ. ಮೊದಲು ಹಾಕಿದ ಅಕ್ಕನ ಕೋಶಗಳು ಒಳಗೆ ಇನ್ನೂ ಇವೆ, ಆದರೆ ಕ್ಯಾನ್ಸರಿನ ಕೋಶಗಳು ಮತ್ತೆ ತಲೆಯೆತ್ತಿವೆ. ಅಕ್ಕನ ರಕ್ತದಿಂದ ಲಿಂಫೋಸೈಟುಗಳನ್ನು, ಎಂದರೆ ಪರಕೀಯವಾದದ್ದನ್ನು ಗುರುತಿಸಿ ಕೊಲ್ಲುವ ಬಿಳಿಕಣಗಳನ್ನು, ತೆಗೆದು ತಮ್ಮನಿಗೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಅವು ಕ್ಯಾನ್ಸರನ್ನು ಕಂಡು ಹೊಡೆಯಬಹುದು, ಹೊಡೆಯದೇ ಇರಬಹುದು. ತಮ್ಮನ ಚರ್ಮ, ಕರುಳು, ಪಿತ್ತಜನಕಾಂಗವನ್ನೇ ಶತ್ರುವೆಂದು ತಿಳಿದು ಅದರ ಮೇಲೂ ಬೀಳಬಹುದು. ಇದಿಲ್ಲದೆ ಬೇರೆ ದಾರಿ ಹೆಚ್ಚಿಲ್ಲ.

ಮುಂದಿನ ದಿನವೇ ಓಣಿಗೆ ಕಾರು ಬಂತು. ತಮ್ಮನ ಹೆಂಡತಿ, ಮಗ, ಯಲಬುರ್ಗಾದ ಹಿರಿಯ. ಹರಿವಾಣದಲ್ಲಿ ಸೀರೆ, ತೆಂಗಿನಕಾಯಿ. ಮನೆಯೊಳಗೆ ಬನ್ನಿ ಎಂದರೆ ಹಿರಿಯ ಒಳಗೆ ಬರಲಿಲ್ಲ. ಓಣಿಯ ಮಂದಿಯೆಲ್ಲ ಕಟ್ಟೆಗೆ ಬಂದು ನಿಲ್ಲುವ ತನಕ ಕಾದು, ತಲೆಗೆ ಸುತ್ತಿದ್ದ ಪಟಗ ತೆಗೆದು ಆಕೆಯ ಕಾಲ ಬಳಿ ಇಟ್ಟ.

"ಯವ್ವಾ, ನಿನ್ನ ತಮ್ಮನ ಜೀವ ನಿನ್ನ ಕೈಯಾಗ ಐತಿ. ಇಲ್ಲ ಅನಬ್ಯಾಡ. ನಾಳೆ ಅಂವ ಹ್ವಾದ ಅಂದ್ರ, ಅಕ್ಕ ಆಗಿ ತಮ್ಮನ್ನ ಕೊಂದ್ಲು ಅಂತ ಮಂದಿ ಅಂತಾರ. ನಾ ಅಲ್ಲ, ಮಂದಿ. ರಕ್ತ ಒಂದಾದಮ್ಯಾಲ ಇಲ್ಲ ಅನ್ನಾಕ ನಿನಗರ ಹೆಂಗ ಬರತೈತಿ?"

ನಮ್ಮ ಕಡೆ ಹಿರಿಯನೊಬ್ಬ ಪಟಗ ತೆಗೆದು ಕಾಲಲ್ಲಿಟ್ಟರೆ, ಎದುರಿನವರಿಗೆ ಇಲ್ಲ ಎನ್ನುವ ಬಾಗಿಲು ಮುಚ್ಚಿತು ಎಂದೇ ಅರ್ಥ. ನೋಡುವವರಿಗೆ ಅದು ವಿನಯ. ಕತ್ತಿನ ಮೇಲೆ ಕಾಲಿಡುವುದಕ್ಕೂ ಅದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಆಕೆ ಬಾಗಿ ಪಟಗ ಎತ್ತಿದಳು. ಧೂಳು ಜಾಡಿಸಿದಳು. ಹಿರಿಯನ ತಲೆಯ ಮೇಲೆ ತಾನೇ ಇಟ್ಟಳು, ಸ್ವಲ್ಪ ವಾರೆಯಾಗಿ.

"ಧೂಳಾಗೇತ್ರಿ ಬೀಗರ. ಹಿಟ್ಟೂ ಹತ್ತೇತಿ, ಮನಿಗೆ ಹೋಗಿ ಒಗೀರಿ. ಒಂದ ಮಾತ ಕೇಳ್ತೀನಿ. ಲಗ್ನ ಮುರಿಯಾಕೂ ರಕ್ತ ಒಂದಾತು. ಈಗ ಕೊಡಾಕೂ ರಕ್ತ ಒಂದಾತು. ಎರಡೂ ಸಲ ಗೆದ್ದವ್ರು ನೀವ. ನನ್ನ ಪಾಳಿ ಯಾವಾಗ್ರಿ ಬರೂದು?"

ಕಟ್ಟೆಯ ಮೇಲೆ ಯಾರೋ ಕಿಸಕ್ಕೆಂದರು. ಹಿರಿಯ ಪಟಗ ಸರಿಮಾಡಿಕೊಂಡ. ಆಕೆ ಸೀರೆ ಮುಟ್ಟಲಿಲ್ಲ, ಕಾಯಿ ಮಾತ್ರ ತೆಗೆದುಕೊಂಡಳು. ಅದನ್ನು ಸಂಜೆ ಚಟ್ನಿ ಮಾಡಿದಳು. ನನಗೂ ಬಂತು.

ಮಗಳು ಸಿಟ್ಟಿನಿಂದ ಜೊತೆಗೆ ಬರಲಿಲ್ಲ. ಗಂಡ ಲಾರಿಯ ಮೇಲೆ ದೂರದಲ್ಲಿದ್ದ. ಮತ್ತೆ ನಾನೇ ಹೋದೆ.

ಆಸ್ಪತ್ರೆಯಲ್ಲಿ ಕೊಡುವವರನ್ನು ಮನೆಯವರಿಂದ ಬೇರೆ ಮಾಡಿ, ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಮಾತಾಡಿಸುವ ಕ್ರಮವಿತ್ತು. ಮಾತಾಡಿಸಿದ ಹೆಣ್ಣುಮಗಳಿಗೆ ತಮಿಳು, ಇಂಗ್ಲಿಷು ಬರುತ್ತಿತ್ತು. ಇವರು ಸಂಬಂಧಿಕರೇ ಎಂದು ನನ್ನ ಕಡೆ ನೋಡಿ ಕೇಳಿದಳು. ಅಲ್ಲ, ನೆರೆಯವನು ಎಂದೆ. ಸರಿ, ಅವರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿ ಎಂದಳು.

ಮೊದಲು ತೆಗೆಯುವ ಕ್ರಮ ವಿವರಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: ಇದಕ್ಕೆ ನಿಮ್ಮ ಮೇಲೆ ಯಾರದಾದರೂ ಒತ್ತಾಯವಿದೆಯೇ? ನಿಮಗೆ ಬೇಡವೆನಿಸಿದರೆ ಬೇಡ ಎನ್ನಿ. ಮನೆಯವರಿಗೆ ನಾವು ಕಾರಣ ಹೇಳುವುದಿಲ್ಲ, ಈಗ ನಿಮ್ಮಿಂದ ತೆಗೆಯಲು ಬರುವುದಿಲ್ಲ ಎಂದಷ್ಟೇ ಹೇಳುತ್ತೇವೆ.

ನಾನು ಇದನ್ನೆಲ್ಲ ಸರಿಯಾಗಿಯೇ ಕನ್ನಡಕ್ಕೆ ತಂದೆ. ಆಕೆ ಆಶ್ಚರ್ಯದಿಂದ ಆ ಹೆಣ್ಣುಮಗಳನ್ನು ನೋಡಿದಳು.

"ಅಂದ್ರ ನನ್ನ ಮರ್ಯಾದಿ ಉಳಸಾಕ ಇವ್ರು ಮುಚ್ಚಿ ಹೇಳ್ತಾರಂತೇನ್ರಿ? ಛಲೋ ಮಂದಿ ಬಿಡ್ರಿ. ನಮ್ಮೂರಾಗ ಮರ್ಯಾದಿ ಕಳ್ಯಾಕ ಸುಳ್ಳ ಹೇಳ್ತಾರ."

ಆಮೇಲೆ ಸೆರಗು ಸರಿಮಾಡಿಕೊಂಡು, ಸಂಘದ ಸಭೆಯಲ್ಲಿ ಕೂತ ಹಾಗೆ ನೆಟ್ಟಗೆ ಕೂತಳು.

"ಹೇಳ್ರಿ ಸರ್ರ ಆಕಿಗೆ. ಒತ್ತಾಯ ಐತಿ. ಪಟಗ ಇಟ್ಟು, ಮಂದಿ ಕೂಡಿಸಿ, ಕೊಂದಾಕಿ ಅಂತೀವಿ ಅಂತ ಹೆದರಿಸಿ ಕರಕೊಂಡ ಬಂದಾರ. ಅದನ್ನ ಬರೀಲಿ. ಆದ್ರೂ ನಾ ಕೊಡ್ತೀನಿ. ಅಂವ ನನ್ನ ತಮ್ಮ, ನಾ ಎತ್ತಿ ಆಡಿಸೀನಿ. ಅದನ್ನೂ ಬರೀಲಿ. ಎರಡೂ ಬರೀಬೇಕು, ಒಂದ ಬರದ್ರ ಸುಳ್ಳ ಆಗತೈತಿ."

ಇಲ್ಲಿ ನನ್ನ ನೆನಪಿನ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಇರಬೇಕಿತ್ತು ಎಂದು ಎಷ್ಟೋ ಸಲ ಅನಿಸಿದೆ.

ನಾನು ಇಂಗ್ಲಿಷಿನಲ್ಲಿ ಹೇಳಿದೆ: ಯಾರ ಒತ್ತಾಯವೂ ಇಲ್ಲ, ಸ್ವಇಚ್ಛೆಯಿಂದ ಕೊಡುತ್ತಾರೆ.

ಆ ಹೆಣ್ಣುಮಗಳು ಪೆನ್ನು ಹಿಡಿದು ನನ್ನ ಮುಖ ನೋಡಿದಳು. "ಅವರು ಇದಕ್ಕಿಂತ ಹೆಚ್ಚು ಮಾತಾಡಿದರಲ್ಲ?" ಎಂದಳು. ತಮ್ಮನನ್ನು ಎತ್ತಿ ಆಡಿಸಿದ್ದನ್ನು ಹೇಳಿದರು ಎಂದೆ. ಆ ಹೆಣ್ಣುಮಗಳು ನಕ್ಕು ಬರೆದುಕೊಂಡಳು.

"ಎರಡೂ ಹೇಳಿದ್ರಿ?" ಎಂದು ಈಕೆ ಕೇಳಿದಳು.

"ಹೇಳಿದೆ ಅಕ್ಕ."

ಈಕೆ ಕಾಗದದ ಮೇಲೆ ದುಂಡಗೆ ಕನ್ನಡದಲ್ಲಿ ಸಹಿ ಹಾಕಿದಳು. ಅದರ ಒಂದು ಪ್ರತಿ ತಮ್ಮನ ಫೈಲಿಗೂ ಹೋಯಿತು.

ಯಾಕೆ ಹಾಗೆ ಮಾಡಿದೆ? ಒತ್ತಾಯ ಎಂಬ ಶಬ್ದ ಬಿದ್ದರೆ ಅವರು ನಿಲ್ಲಿಸಿಬಿಡುತ್ತಾರೆ, ತಮ್ಮ ಸಾಯುತ್ತಾನೆ ಎಂದು ಹೆದರಿದೆ ಎಂಬುದು ನನ್ನ ವಾದ. ಅದು ಪೂರ್ತಿ ಸುಳ್ಳಲ್ಲ. ಆದರೆ ನಿಲ್ಲಿಸುತ್ತಿದ್ದರೋ, ಇನ್ನೊಮ್ಮೆ ಕೂರಿಸಿ ಮಾತಾಡಿಸುತ್ತಿದ್ದರೋ ನನಗೇನು ಗೊತ್ತು? ಒತ್ತಾಯವೂ ಇದೆ, ಕೊಡುವ ಮನಸ್ಸೂ ಇದೆ ಎಂಬುದನ್ನು ಕೇಳಿ ಅರ್ಥಮಾಡಿಕೊಳ್ಳಲು ಆಸ್ಪತ್ರೆಯ ಆ ಹೆಣ್ಣುಮಗಳಿಗೆ ಬರುತ್ತಿರಲಿಲ್ಲ ಎಂದು ನಾನು ಯಾಕೆ ತೀರ್ಮಾನಿಸಿದೆ? ಹಿರಿಯ ಪಟಗ ಇಟ್ಟು ಅಕ್ಕನ ಬಾಯಿ ಮುಚ್ಚಿಸಲು ನೋಡಿದ, ಆಗಲಿಲ್ಲ. ನಾನು ಯಾರಿಗೂ ಕಾಣದ ಹಾಗೆ ಮುಚ್ಚಿಸಿದೆ. ಅವನ ಮೇಲೆ ಹೇಸಿಕೆ ಹುಟ್ಟುವಾಗಲೆಲ್ಲ ಅದು ಅರ್ಧಕ್ಕೆ ನಿಂತುಬಿಡುತ್ತದೆ.

ಮರುದಿನ ಯಂತ್ರಕ್ಕೆ ಕೂರಿಸಿದರು. ಎರಡೂ ತೋಳಿಗೆ ಸೂಜಿ. ಕೈಗೆ ಒಂದು ಮೆತ್ತನೆಯ ಚೆಂಡು ಕೊಟ್ಟು ಅದುಮುತ್ತಿರಿ ಎಂದರು. "ಹಿಟ್ಟ ಇಷ್ಟ ಮೆತ್ತಗ ನಾದಿದ್ರ ರೊಟ್ಟಿ ಹರೀತಾವ" ಎಂದು ಟೀಕೆ ಮಾಡಿದಳು. ಕೆಲವು ಗಂಟೆಗಳ ಮೇಲೆ ಚೀಲದಲ್ಲಿ ತುಸು ಕೆಂಪಾದ, ಅಂಬಲಿಯಂಥ ದ್ರವ ಸೇರಿತ್ತು. "ಇಷ್ಟ ಏನ್ರಿ? ಇದಕ್ಕ ಅಷ್ಟ ದೊಡ್ಡ ಪಟಗ ತಗದ್ನಾ?" ಎಂದಳು.

ತಮ್ಮನನ್ನು ನೋಡಲು ಮುಖಕ್ಕೆ ಮಾಸ್ಕು ಹಾಕಿಕೊಂಡು ಹೋದೆವು. ಅವನು ಅಕ್ಕನನ್ನು ನೋಡಿ ಅಳತೊಡಗಿದ.

"ಅಕ್ಕಾ, ಲಗ್ನದ ವಿಚಾರದಾಗ ನಾ ಬಾಯಿ ಬಿಡಲಿಲ್ಲ."

"ಈಗೂ ಬಿಡಬ್ಯಾಡ. ಬಾಯಾಗ ಹುಣ್ಣ ಆಗ್ಯಾವು ಅಂತ ಡಾಕ್ಟರು ಹೇಳ್ಯಾರ" ಎಂದು ಅವನ ಕಾಲಿನ ಮೇಲೆ ಹೊದಿಕೆ ಸರಿಮಾಡಿದಳು.

ತಿಂಗಳುಗಟ್ಟಲೆ ಅವನು ಒದ್ದಾಡಿದ. ಕಣಗಳನ್ನು ಶೀತಲೀಕರಿಸಿಟ್ಟು, ಮೊದಲು ಸ್ವಲ್ಪ, ಆಮೇಲೆ ಹೆಚ್ಚು ಕೊಟ್ಟರು. ಮೈಯೆಲ್ಲ ಕೆಂಪು ಗುಳ್ಳೆ ಎದ್ದವು, ಕಣ್ಣು ಹಳದಿಯಾದವು, ಮದ್ದಿನ ಮೇಲೆ ಮದ್ದು ಬಿತ್ತು. ಆಮೇಲೆ ಒಂದು ಪರೀಕ್ಷೆಯಲ್ಲಿ ರೋಗ ಕಾಣಲಿಲ್ಲ, ಮುಂದಿನದರಲ್ಲೂ ಕಾಣಲಿಲ್ಲ. ಇಂದು ಅವನು ಕುಕನೂರಿನ ಅಂಗಡಿಯಲ್ಲಿ ಕೂರುತ್ತಾನೆ.

ಆಕೆ ಹೋದದ್ದು ಕಳೆದ ವರ್ಷ. ಬಿಪಿ ಇತ್ತು, ಗುಳಿಗೆಯನ್ನು ಮನಸ್ಸಿಗೆ ಬಂದಾಗ ನುಂಗುತ್ತಿದ್ದಳು. ಒಂದು ಮುಂಜಾನೆ ಮಿದುಳಿನಲ್ಲಿ ರಕ್ತಸ್ರಾವವಾಯಿತು, ಮೂರು ದಿನಕ್ಕೆ ತೀರಿಕೊಂಡಳು. ಎರಡು ಸಲ ಕೊಟ್ಟು ಕೊಟ್ಟು ಮೈಯಲ್ಲಿ ಏನೂ ಉಳಿಯದೆ ಸತ್ತಳು ಎಂದು ಓಣಿಯಲ್ಲಿ ಹೇಳುತ್ತಾರೆ. ಅದು ಶುದ್ಧ ಮೂರ್ಖತನ. ಕೊಟ್ಟ ಕೋಶಗಳು ಮತ್ತೆ ಹುಟ್ಟುತ್ತವೆ, ಅದಕ್ಕೂ ಬಿಪಿಗೂ ಸಂಬಂಧವಿಲ್ಲ. ಇದನ್ನು ಮಾತ್ರ ನಾನು ಎದುರು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಧೈರ್ಯ ಬೇಡದ ಸತ್ಯಗಳನ್ನು ಹೇಳುವುದರಲ್ಲಿ ನಾನು ಯಾವಾಗಲೂ ಮುಂದು.

ಆಕೆಯ ದಿನಕರ್ಮ ಮುಗಿದ ಮೇಲೆ ಮಗಳು ಅಪ್ಪನನ್ನು ತನ್ನಲ್ಲಿಗೆ ಕರೆದೊಯ್ಯಲೆಂದು ಮನೆ ಖಾಲಿ ಮಾಡುತ್ತಿದ್ದಳು. ಅವಳಿಗೆ ಈಗ ಕೊಪ್ಪಳದ ಕಡೆ ಒಂದು ಶಾಲೆಯಲ್ಲಿ ಕೆಲಸ. ಸಹಾಯಕ್ಕೆಂದು ಹೋದೆ. ಟ್ರಂಕಿನಿಂದ ಆಸ್ಪತ್ರೆಯ ಫೈಲು ಹೊರಬಂತು. ನಾನು ಕೈಚಾಚಿದೆ. ಅವಳು ಕೊಡಲಿಲ್ಲ.

"ಇದನ್ನ ನಾ ಓದೀನ್ರಿ ಸರ್. ನೀವು ಆಸ್ಪತ್ರಿಯಿಂದ ವಾಪಸ್ ಬಂದ ವಾರನ ಓದಿದ್ನಿ. ಅವ್ವ ಓದಿ ಹೇಳು ಅಂದ್ಲು, ಒತ್ತಾಯ ಇಲ್ಲ ಅಂತ ಬರದದ್ದೂ ಹೇಳಿದ್ನಿ."

"ಏನಂದಳು?"

"ಪೂರ್ತಿ ಕೇಳಿದ್ಲು. ಇನ್ನೊಮ್ಮೆ ಓದು ಅಂದ್ಲು. ಆಮ್ಯಾಲ, ಸರ್ ಗೆ ಏನೂ ಅನ್ನಾಕ ಹೋಗಬ್ಯಾಡ, ಅವ್ರೂ ಹೆದರ್ಯಾರ ಅಂದ್ಲು."

ನಾನು ಹಂಚಿನ ಒಲೆಯ ಕಡೆ ನೋಡುತ್ತ ನಿಂತೆ. ಅಲ್ಲಿಯ ತನಕ ಲಕ್ಷ್ಯಕ್ಕೆ ಬಾರದ ಒಂದು ಸಂಗತಿ ಆಗ ಹೊಳೆಯಿತು. ಎರಡನೇ ಸಲ ಹೋಗಿ ಬಂದ ಮೇಲೆ ಆಕೆ ನನ್ನ ಹತ್ತಿರ ಒಂದು ಕಾಗದವನ್ನೂ ಓದಿಸಲಿಲ್ಲ. ರೊಟ್ಟಿ ಮಾತ್ರ ಬರುತ್ತಿತ್ತು. ಒಡೆದ ರೊಟ್ಟಿಗಳಲ್ಲ. ಟಕ್ ಎಂದು ಬಡಿದು ಆರಿಸಿದ, ಅಂಚು ಮುಕ್ಕಾಗದ, ಪೇಪರಿನಲ್ಲಿ ಚೆಂದಾಗಿ ಕಟ್ಟಿದ ರೊಟ್ಟಿಗಳು. ಗಿರಾಕಿಗೆ ಕೊಡುವಂಥವು. ಗೌರವ ಹೆಚ್ಚಾಗಿದೆ ಎಂದುಕೊಂಡು ನಾನು ಅವನ್ನು ವರ್ಷಗಟ್ಟಲೆ ತಿಂದಿದ್ದೆ.

ತಮ್ಮನ ಮಗ ಕೇಳಿದ ನಾಲ್ಕು ಸಾಲನ್ನು ನಿನ್ನೆ ಬರೆದು ಕಳಿಸಿದೆ.

'ಎರಡನೇ ಸಲ ಕೊಡುವಾಗ ಈಕೆಯ ಮೇಲೆ ಒತ್ತಾಯವಿತ್ತು.
ಒತ್ತಾಯವಿದೆ ಎಂದು ಬರೆಯಿರಿ ಎಂದಳು. ನಾನು ಬರೆಸಲಿಲ್ಲ.
ಆದರೂ ಈಕೆ ಕೊಟ್ಟಳು.
ಅವನು ನನ್ನ ತಮ್ಮ, ಎತ್ತಿ ಆಡಿಸಿದ್ದೇನೆ ಎಂದಳು.'

ಒಂದು ತಾಸಿನ ಮೇಲೆ ಉತ್ತರ ಬಂತು. "ಭಾಳ ಛಲೋ ಬರದೀರಿ ಸರ್. ಯಲಬುರ್ಗಾ ಮಾವಾರಿಗೂ ತೋರಿಸಿದ್ನಿ. ಫ್ಲೆಕ್ಸಿನ್ಯಾಗ ಜಾಗ ಕಡಿಮಿ ಐತ್ರಿ, ಕೆಳಗಿನ ಎರಡು ಸಾಲು ಅಷ್ಟ ಹಾಕ್ತೀವಿ." ಕೊನೆಯಲ್ಲಿ ಎರಡು ಕೈಮುಗಿದ ಚಿಹ್ನೆ.

ಅಲ್ಲಿ ಜಾಗವಿಲ್ಲದ್ದಕ್ಕೆ ಇಲ್ಲಿ ಬರೆದಿದ್ದೇನೆ ಅಕ್ಕ. ಎರಡೂ.